ಡೆಲ್ಫಿಯಾ ಹಾಕದ ಕಾಳು

ಕೆಂಟಕಿಯ ನಮ್ಮ ಟ್ರೇಸ್ ಫೋರ್ಕ್ ಕಣಿವೆಯಲ್ಲಿ ಒಂದು ಜಗಳ ಎಂದೂ ಮುಗಿದದ್ದಿಲ್ಲ. ರಾಯ್ಸ್ ಟ್ಯಾಕೆಟ್ ಹಾಡಿದ ಹಾಡುಗಳಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡದು ಎಂಬ ಜಗಳ. ರಾಯ್ಸ್ ನಮ್ಮ ಹೊಳೆಯ ದಂಡೆಯಲ್ಲೇ ಹುಟ್ಟಿದವನು, ಗಿಟಾರ್ ಹೊತ್ತು ಹಾಡುಗಾರರ ಊರಾದ ನ್ಯಾಶ್‌ವಿಲ್‌ಗೆ ಹೋಗಿ ಹೆಸರು ಮಾಡಿದವನು. ಏಪ್ರಿಲ್‌ನಲ್ಲಿ ಅವನ ಹುಟ್ಟುಹಬ್ಬ ಬರುವ ವಾರ ಬೆಂಕಿ ಆರಿಸುವ ಲಾರಿಯನ್ನು ಹೊರಗೆ ನಿಲ್ಲಿಸಿ, ಅದು ನಿಲ್ಲುತ್ತಿದ್ದ ದೊಡ್ಡ ಕೋಣೆಯಲ್ಲಿ ಮೇಜು ಹಾಕುತ್ತಿದ್ದೆವು. ಮೇಜಿನ ಮೇಲೆ ಉಪ್ಪಿನಕಾಯಿ ಹಾಕುವ ಗಾಜಿನ ಜಾಡಿಗಳ ಸಾಲು, ಒಂದೊಂದಕ್ಕೆ ಒಂದೊಂದು ಹಾಡಿನ ಹೆಸರು. ಬಂದವರಿಗೆಲ್ಲ ಮೂರು ಮೂರು ಒಣ ಹುರುಳಿಕಾಯಿ ಬೀಜ. ಮೆಚ್ಚಿದ ಹಾಡಿನ ಜಾಡಿಗೆ ಬೀಜ ಹಾಕಬೇಕು. ಮೂರನ್ನೂ ಒಂದಕ್ಕೇ ಸುರಿದರೂ ಸರಿ.

ಗುಡ್ಡದ ಮೇಲಿನ ಸಣ್ಣ ರೇಡಿಯೋ ಕೇಂದ್ರದಲ್ಲಿ ಹಾಡು ಹಾಕುವ ಕೆಲಸ ನನ್ನದು. ಹೀಗೆ ಜನ ಆರಿಸಿದ ಹತ್ತು ಹಾಡುಗಳನ್ನು ಮರುದಿನ ಹತ್ತನೆಯದರಿಂದ ಮೊದಲನೆಯದರವರೆಗೆ ಹಾಕುತ್ತಿದ್ದೆ. ಹತ್ತನೆಯದರಿಂದ ಎರಡನೆಯದರವರೆಗೆ ಯಾವ ಹಾಡು ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಮೊದಲನೆಯದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅದು ‘ಜಗಲಿಯ ದೀಪ’. ಅದಕ್ಕೆ ಮೊದಲ ಬೀಜ ಹಾಕುತ್ತಿದ್ದವಳು ಡೆಲ್ಫಿಯಾ ಕೂಮ್ಸ್. ಅವಳು ಹಾಕುವ ತನಕ ಬೇರೆ ಯಾರೂ ಕೈ ನೀಡುತ್ತಿರಲಿಲ್ಲ. ಏಕೆಂದರೆ ಆ ಹಾಡು ಅವಳದು.

ಡೆಲ್ಫಿಯಾ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ನಮ್ಮಲ್ಲಿ ಈಗ ಮೀಸೆ ನರೆತಿರುವ ಗಂಡಸರೆಲ್ಲ ಅವಳ ಕೈಯ ಬಿಸಿ ಬನ್ನಿನಂಥ ಬಿಸ್ಕಿಟ್ ಮತ್ತು ಗ್ರೇವಿ ತಿಂದು ಬೆಳೆದವರು. ಎತ್ತರದ, ಮಾತು ಕಡಿಮೆಯ ಹೆಂಗಸು. ಗಂಡ ಎಸ್ಟಿಲ್ ಕಲ್ಲಿದ್ದಲ ಗಣಿಯಲ್ಲಿದ್ದ. ಒಂದು ಮಧ್ಯಾಹ್ನ ಸುರಂಗದ ಸೂರು ಕುಸಿದು ಅವನೊಬ್ಬನೇ ಅದರಡಿ ಸಿಕ್ಕಿ ಸತ್ತ. ಬ್ಲ್ಯಾಕ್ ಲಾರೆಲ್ ಕಂಪನಿಯವರು ತಪ್ಪು ಎಸ್ಟಿಲ್‌ನದೇ ಎಂದರು, ಹೋಗಬಾರದ ಕಡೆ ಹೋಗಿದ್ದನಂತೆ. ಅವನನ್ನು ಆ ಕಡೆ ಕಳಿಸಿದ ಮೇಸ್ತ್ರಿ ಯಾರೆಂದು ಕಣಿವೆಗೆಲ್ಲ ಗೊತ್ತಿತ್ತು. ಹೇಳುವವರು ಯಾರೂ ಇರಲಿಲ್ಲ. ಹೇಳಿದವನ ಕೆಲಸ ಉಳಿಯುತ್ತಿರಲಿಲ್ಲ.

ಮಣ್ಣಿಗೆ ಬಂದವರಲ್ಲಿ ರಾಯ್ಸ್ ಕೂಡ ಇದ್ದ. ಆಗಿನ್ನೂ ಅವನಿಗೆ ಹೆಸರಿರಲಿಲ್ಲ, ಯಾರದೋ ಬ್ಯಾಂಡಿನ ಹಿಂದೆ ನಿಂತು ಗಿಟಾರ್ ಬಾರಿಸುತ್ತಿದ್ದ. ಚಿಕ್ಕಂದಿನಲ್ಲಿ ಅವನ ತಾಯಿ ಕಾಯಿಲೆ ಬಿದ್ದಿದ್ದಾಗ ಡೆಲ್ಫಿಯಾ ಮಿಕ್ಕ ಊಟ ಕಟ್ಟಿ ಅವನ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಅವನು ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದ. ಮಣ್ಣಾದ ದಿನ ಎಲ್ಲರೂ ಹೋದ ಮೇಲೂ ಅವನು ಅವಳ ಮನೆಯ ಅಡುಗೆಕೋಣೆಯಲ್ಲಿ ಕೂತೇ ಇದ್ದ. ಹಗಲು ಹೊತ್ತಿನಲ್ಲೇ ಜಗಲಿಯ ದೀಪ ಉರಿಯುವುದನ್ನು ಕಂಡು, “ಆರಿಸಲಾ ಅತ್ತೆ?” ಎಂದು ಕೇಳಿದ.

“ಬೇಡ ಕಣೋ. ಅವ್ನು ಬರೋ ತನಕ ಉರೀಲಿ ಅಂತ ಹಾಕಿದ್ದು. ಈಗ ಆರಿಸೋಕೆ ಕೈ ಬರ್ತಿಲ್ಲ.”

ಕೆಲವು ತಿಂಗಳ ನಂತರ ಅವನು ಮತ್ತೆ ಬಂದ. ಅದೇ ಮೇಜಿನ ಮುಂದೆ ಕೂತು ಆ ಮಾತನ್ನೇ ಹಾಡು ಮಾಡಿ ಹಾಡಿದ. ‘ನನ್ನ ಮನೆಯ ದೀಪ ಆರುವುದಿಲ್ಲ’ ಎಂದು ಮುಗಿಯುವ ಹಾಡು. ಹಾಡಿ ಮುಗಿಸಿ, “ನೀವು ಬೇಡ ಅಂದ್ರೆ ಇದು ಇಲ್ಲೇ ಮುಗೀತು ಅತ್ತೆ. ಯಾರ ಮುಂದೂ ಹಾಡಲ್ಲ,” ಎಂದ.

ಡೆಲ್ಫಿಯಾ ಹೇಳಿದಳಂತೆ: “ಹಾಡು. ಎಲ್ಲಾರ್ ಮುಂದೂ ಹಾಡು. ಆ ಕಂಪ್ನಿಯವರ ಮುಂದೆ ಮಾತ್ರ ಬೇಡ. ಅವರ ಬಾಯಲ್ಲಿ ಇದು ಬರಬಾರ್ದು.”

“ನಮ್ಮಮ್ಮನಾಣೆ,” ಎಂದ ರಾಯ್ಸ್.

ಆ ಹಾಡೇ ಅವನನ್ನು ಮೇಲಕ್ಕೆ ಎತ್ತಿದ್ದು. ಆಮೇಲೆ ಅವನು ಎಷ್ಟೋ ಹಾಡು ಹಾಡಿದ. ಕುಣಿಸುವುದು, ಕುಡಿಸುವುದು, ಹೆಂಡತಿ ಬಿಟ್ಟುಹೋದದ್ದು. ದೇಶಕ್ಕೆಲ್ಲ ಅವು ಪ್ರಿಯವಾದವು. ನಮ್ಮ ಕಣಿವೆಯಲ್ಲಿ ಮಾತ್ರ ಸಾವಿನ ಮನೆಯಲ್ಲಿ, ಚರ್ಚಿನ ಊಟದಲ್ಲಿ, ಮಗ ಸೈನ್ಯಕ್ಕೆ ಹೊರಟ ದಿನ ಕೇಳುತ್ತಿದ್ದದ್ದು ಜಗಲಿಯ ದೀಪವನ್ನೇ. ಗಂಡನ ಬಗ್ಗೆ ಯಾರೊಡನೆಯೂ ಮಾತಾಡದ ಡೆಲ್ಫಿಯಾ ಆ ಹಾಡು ಬಂದಾಗ ಮಾತ್ರ ರೇಡಿಯೋ ಹತ್ತಿರ ಕುರ್ಚಿ ಎಳೆದುಕೊಳ್ಳುತ್ತಿದ್ದಳು. ಜಾಡಿ ಇಡುವ ಆ ಅಭಿಮಾನಿಗಳ ಕೂಟಕ್ಕೆ ಅವಳೇ ಹಿರಿಯಳಾದಳು. ಓಹಾಯೋದಿಂದ, ಟೆನೆಸಿಯಿಂದ ಬಂದವರೂ ಅವಳ ಕೈ ಹಿಡಿದು, “ನಿಮ್ಮ ಹಾಡು ನಮ್ಮಪ್ಪನ ಹಾಡು ಕೂಡ,” ಎನ್ನುತ್ತಿದ್ದರು.

ಒಂದು ವರ್ಷ, ಮಾರ್ಚ್ ತಿಂಗಳು. ಕೆಂಟಕಿ ತಂಡದ ಬ್ಯಾಸ್ಕೆಟ್‌ಬಾಲ್ ಪಂದ್ಯ. ಅಂಥ ಮಧ್ಯಾಹ್ನ ನಮ್ಮಲ್ಲಿ ರಸ್ತೆಯ ಮೇಲೆ ನಾಯಿಯೂ ಕಾಣುವುದಿಲ್ಲ. ಡೆಲ್ಫಿಯಾ ತನ್ನ ಗೆಳತಿ ಐಮೊಜಿನ್ ಮನೆಯಲ್ಲಿದ್ದಳು. ಐಮೊಜಿನ್ ಊರ ಹೆಂಗಸರ ಕೂದಲು ಕತ್ತರಿಸುವವಳು, ಅವಳ ಬಾಯಿ ಕತ್ತರಿಗಿಂತ ಹರಿತ. ಇಬ್ಬರೂ ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು ಬೀನ್ಸ್ ಸಾರು, ಜೋಳದ ರೊಟ್ಟಿ ತಿನ್ನುತ್ತಿದ್ದರು. ಆಟ ನಿಂತು ಜಾಹೀರಾತು ಬಂತು. ಹಸಿರು ಬೆಟ್ಟ, ತಲೆಗೆ ದೀಪ ಕಟ್ಟಿದ ನಗುಮುಖದ ಹುಡುಗರು, ಹಿಂದೆ ರಾಯ್ಸ್‌ನ ದನಿ. ಮೊದಲು ಡೆಲ್ಫಿಯಾಳ ಮುಖ ಅರಳಿತಂತೆ, ನಮ್ಮವನ ಹಾಡು ಟೀವಿಯಲ್ಲಿ ಬಂತಲ್ಲ ಎಂದು. ಕೊನೆಯ ಸಾಲಿನಲ್ಲಿ ಆ ದನಿ, ‘ನಮ್ಮ ಗಣಿಯ ದೀಪ ಆರುವುದಿಲ್ಲ’ ಎಂದು ಹಾಡಿತು. ಕೆಳಗೆ ಬ್ಲ್ಯಾಕ್ ಲಾರೆಲ್ ಎಂದು ಬಿಳಿಯ ಅಕ್ಷರ ಮೂಡಿತು.

ಐಮೊಜಿನ್ ನನಗೆ ಆಮೇಲೆ ಹೇಳಿದಳು: “ಅವ್ಳು ಅಳ್ಲಿಲ್ಲ, ಬೈಲಿಲ್ಲ. ಬಟ್ಟಲು ತೊಳೆದಿಟ್ಟು, ಕೋಟು ಹಾಕ್ಕೊಂಡು, ಬರ್ತೀನಿ ಅಂದ್ಲು. ಪಂದ್ಯ ಇನ್ನೂ ಅರ್ಧ ಇತ್ತು. ಗೆದ್ರೋ ಸೋತ್ರೋ ಅಂತ ಇವತ್ತಿಗೂ ಕೇಳಿಲ್ಲ ಮಾರಾಯಾ.”

ಡೆಲ್ಫಿಯಾ ರಾಯ್ಸ್‌ನ ಮನೆಗೆ ಫೋನ್ ಮಾಡಿದಳು. ಯಾರೋ ಹುಡುಗಿ, ತಿಳಿಸುತ್ತೇನೆ ಎಂದಳು. ಮತ್ತೆ ಮಾಡಿದಾಗಲೂ ಅದನ್ನೇ ಹೇಳಿದಳು. ಮೂರನೆಯ ಸಲ ಡೆಲ್ಫಿಯಾ ಮಾಡಲಿಲ್ಲ.

ಏಪ್ರಿಲ್ ಬಂತು. ಗುಡ್ಡದಲ್ಲಿ ರೆಡ್‌ಬಡ್ ಮರಗಳು ಹೂಬಿಟ್ಟವು. ಕೂಟವನ್ನು ಈ ವರ್ಷ ಬಿಟ್ಟುಬಿಡೋಣ ಎಂದು ಕೆಲವರು ಅಂದರು. ಡೆಲ್ಫಿಯಾ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಆ ದಿನ ಎಂದಿನಂತೆ ಸೇಬಿನ ಪದರದ ಕೇಕ್ ಮಾಡಿಕೊಂಡು ಬಂದು ಮೂಲೆಯ ಕುರ್ಚಿಯಲ್ಲಿ ಕೂತಳು. ಜಾಡಿಗಳನ್ನು ಜೋಡಿಸುವಾಗಲೇ ಜಗಳ ಶುರುವಾಯಿತು.

“ಆ ಜಾಡಿ ತೆಗೀರಿ ಮೊದ್ಲು,” ಎಂದಳು ಐಮೊಜಿನ್. “ಉಂಡ ಮನೆ ಗಳ ಹಿರಿಯೋನ ಹಾಡಿಗೆ ನಾನು ಬೀಜ ಹಾಕಲ್ಲ.”

ಗಣಿಯ ಧೂಳಿನಿಂದ ಶ್ವಾಸಕೋಶ ಹಾಳಾಗಿ ಮೂಗಿಗೆ ಸದಾ ಕೊಳವೆ ಸಿಕ್ಕಿಸಿಕೊಂಡಿರುವ ಮುದುಕ ಬರ್ಲ್, “ಹಾಡು ಏನ್ ಮಾಡ್ತು ತಾಯಿ? ನನ್ನ ಹೆಂಡ್ತಿ ಸತ್ತಾಗ ಅದನ್ನೇ ಹಾಕಿದ್ದು. ಈಗ ಅದನ್ನ ಮಣ್ಣಿಂದ ಹೊರಗೆ ತೆಗೀಲಾ?” ಎಂದ.

“ಹಾಗಾದ್ರೆ ಕಂಪ್ನಿಗೂ ಒಂದು ಬೀಜ ಹಾಕು. ನಿನ್ ಎದೆ ತಿಂದಿದ್ದೂ ಅವರೇ ಅಲ್ವಾ?”

ಬರ್ಲ್ ಮೂಗಿನ ಕೊಳವೆ ಸರಿಮಾಡಿಕೊಳ್ಳುತ್ತಿರುವಾಗ ಹೊರಗೆ ಕಾರು ನಿಂತ ಸದ್ದಾಯಿತು. ರಾಯ್ಸ್ ಟ್ಯಾಕೆಟ್ ಒಳಗೆ ಬಂದ. ಮೂರು ನಾಲ್ಕು ವರ್ಷಕ್ಕೊಮ್ಮೆ ಹೀಗೆ ಹೇಳದೆ ಬರುವುದು ಅವನ ರೂಢಿ. ಆಗೆಲ್ಲ ಕೋಣೆ ಎದ್ದು ನಿಂತು ಕೂಗುತ್ತಿತ್ತು. ಈ ಸಲ ಓಹಾಯೋದಿಂದ ಬಂದ ಇಬ್ಬರು ಚಪ್ಪಾಳೆ ತಟ್ಟಲು ಹೋಗಿ ಅರ್ಧಕ್ಕೇ ಕೈ ಇಳಿಸಿದರು.

ರಾಯ್ಸ್ ಟೊಪ್ಪಿ ತೆಗೆದು ನೇರವಾಗಿ ಡೆಲ್ಫಿಯಾಳ ಹತ್ತಿರ ಹೋದ. “ಅತ್ತೆ, ಚೆನ್ನಾಗಿದೀರಾ?”

“ಕೂತ್ಕೋ ರಾಯ್ಸ್,” ಎಂದಳು. ಅವನು ಮಗ್ಗುಲ ಕುರ್ಚಿಯಲ್ಲಿ ಕೂತ. ಸಣ್ಣ ದನಿಯಲ್ಲೇ ಮಾತಾಡಿದರೂ ಕೋಣೆಯಲ್ಲಿ ಎಲ್ಲರಿಗೂ ಕೇಳುತ್ತಿತ್ತು.

“ನೀವು ಫೋನ್ ಮಾಡಿದ್ದು ಆಮೇಲೆ ಗೊತ್ತಾಯ್ತು. ಊರೂರು ತಿರುಗಾಟ. ನೋಡಿ ಅತ್ತೆ, ಆ ಕಂಪ್ನಿ ಹಳೇ ಕಂಪ್ನಿ ಅಲ್ಲ. ಹೆಸರೊಂದೇ ಅದು. ಮಾಲೀಕರು ಬೇರೆ, ಜನ ಬೇರೆ. ಮತ್ತೆ ಹಾಡಿನ ಹಕ್ಕು ನನ್ನ ಕೈಲಿಲ್ಲ. ಎಂದೋ ಪ್ರಕಾಶಕರಿಗೆ ಬರೆದುಕೊಟ್ಟಾಗಿದೆ. ಅವರು ಯಾರಿಗಾದ್ರೂ ಕೊಡಬಹುದು. ನನ್ನನ್ನ ಕೇಳೋದೂ ಇಲ್ಲ.”

ಕೋಣೆಯಲ್ಲಿ ಒಂದಿಬ್ಬರು ತಲೆ ಆಡಿಸಿದರು. ಪಾಪ, ಅವನಾದರೂ ಏನು ಮಾಡಬೇಕು ಎಂಬಂತೆ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು.

ಡೆಲ್ಫಿಯಾ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೇಳಿದಳು: “ನಮ್ಮ ಗಣಿಯ ದೀಪ ಅಂತ ಬರುತ್ತಲ್ಲ ಕೊನೇಲಿ. ನೀನು ಆಗ ಹಾಡಿದ್ದು ನನ್ನ ಮನೆಯ ದೀಪ ಅಂತ. ಈ ಗಣಿ ಯಾವಾಗ ಬಂತು?”

ರಾಯ್ಸ್ ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡ.

“ಅವರು ಯಾರದೋ ದನಿ ತಂದು ಅಂಟಿಸಿದ್ರಾ?”

“ಇಲ್ಲ ಅತ್ತೆ.”

“ಅಂದ್ರೆ ನೀನೇ ಹೋಗಿ ಹಾಡಿದೆ.”

“ಒಂದೇ ಸಾಲು...”

“ಹಕ್ಕು ಯಾರದ್ದಾದ್ರೂ ಆಗ್ಲಿ ರಾಯ್ಸ್. ಗಂಟಲು ನಿಂದೇ ತಾನೆ.”

ರಾಯ್ಸ್‌ನ ಮುಖ ಕೆಂಪಾಯಿತು. ಟೊಪ್ಪಿಯ ಅಂಚನ್ನು ಸುತ್ತ ತಿರುಗಿಸತೊಡಗಿದ. ಆಮೇಲೆ ಮೆಲ್ಲಗೆ, “ನೀವು ನೋಡ್ತೀರ ಅಂದ್ಕೊಂಡಿರ್ಲಿಲ್ಲ,” ಎಂದ. ಅವನು ಆ ದಿನ ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ ಇರಬೇಕು. ಅದೇ ಎಲ್ಲಕ್ಕಿಂತ ಕೆಟ್ಟದ್ದೂ ಆಗಿತ್ತು.

ಡೆಲ್ಫಿಯಾ ಎದ್ದಳು. ಕೇಕಿನ ಒಂದು ತುಂಡು ಕತ್ತರಿಸಿ ತಟ್ಟೆಯಲ್ಲಿಟ್ಟು ಅವನ ಕೈಗೆ ಕೊಟ್ಟಳು. “ದೂರದಿಂದ ಬಂದಿದೀಯ. ತಿಂದು ಹೋಗು,” ಎಂದು ಹೇಳಿ, ತನ್ನ ಮೂರು ಬೀಜಗಳನ್ನು ಬರ್ಲ್‌ನ ಮುಂದೆ ಮೇಜಿನ ಮೇಲೆ ಇಟ್ಟು ಹೊರಗೆ ನಡೆದಳು. ಐಮೊಜಿನ್ ಹಿಂದೆಯೇ ಓಡಿದಳು. ರಾಯ್ಸ್ ತಟ್ಟೆ ಹಿಡಿದುಕೊಂಡು ಕೂತಿದ್ದ. ತಿನ್ನಲೂ ಇಲ್ಲ, ಕೆಳಗಿಡಲೂ ಇಲ್ಲ. ಹಾಡು ಎಂದು ಅವನನ್ನು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನ ಕಾರು ಹೊರಟ ಸದ್ದು ಕೇಳಿಸಿತು.

ಆ ವರ್ಷ ಜಗಲಿಯ ದೀಪಕ್ಕೆ ನಾಲ್ಕನೆಯ ಜಾಗ ಬಂತು. ಬರ್ಲ್ ತನ್ನ ಮೂರನ್ನೂ ಅದಕ್ಕೇ ಹಾಕಿದ. ಡೆಲ್ಫಿಯಾ ಇಟ್ಟುಹೋದ ಬೀಜಗಳನ್ನು ಮಾತ್ರ ಮುಟ್ಟಲಿಲ್ಲ. ಮರುದಿನ ನಾನು ಹಾಡುಗಳನ್ನು ಹಾಕುವ ಮೊದಲು ಅವಳಿಗೆ ಫೋನ್ ಮಾಡಿ, ಅದನ್ನು ಬಿಟ್ಟುಬಿಡಲೇ ಎಂದು ಕೇಳಿದೆ.

“ಯಾಕಪ್ಪ ಬಿಡ್ತೀಯ? ಜನ ಕೇಳಿದಾರೆ, ಹಾಕು. ನನಗೆ ತೋಟದಲ್ಲಿ ಕೆಲಸ ಇದೆ.”

ಮುಂದಿನ ವರ್ಷ ಕೂಟಕ್ಕೆ ಅರ್ಧ ಜನವೂ ಬರಲಿಲ್ಲ. ಅದರ ಮುಂದಿನ ವರ್ಷ ಜಾಡಿ ಇಡುವ ಮಾತೇ ಯಾರೂ ಎತ್ತಲಿಲ್ಲ. ರಾಯ್ಸ್ ಒಮ್ಮೆ ದೊಡ್ಡ ಹೂಗುಚ್ಛ ಕಳಿಸಿದ್ದ. ಡೆಲ್ಫಿಯಾ ಅದನ್ನು ಹಾಗೇ ಆಸ್ಪತ್ರೆಗೆ ಕೊಟ್ಟುಬಂದಳು. ಅವನನ್ನು ಕ್ಷಮಿಸಿದೆಯಾ ಎಂದು ಪಾದ್ರಿ ಕೇಳಿದಾಗ ಅವಳು ಹೇಳಿದ್ದನ್ನು ಐಮೊಜಿನ್ ನನಗೆ ತಿಳಿಸಿದಳು: “ಗಂಡನ ಮೇಲೆ ಬಿದ್ದಿದ್ದು ಬಂಡೆ. ಅದಕ್ಕೇನೂ ಗೊತ್ತಿರ್ಲಿಲ್ಲ. ಇವ್ನಿಗೆ ಎಲ್ಲಾ ಗೊತ್ತಿತ್ತು.”

ಈಗ ಭಾನುವಾರ ಬೆಳಿಗ್ಗೆ ಅವಳು ಹೊಳೆಯಾಚೆಯ ಹಳೆಯ ಬ್ಯಾಪ್ಟಿಸ್ಟರ ಚರ್ಚಿಗೆ ಹೋಗುತ್ತಾಳೆ. ಅಲ್ಲಿ ಗಿಟಾರ್ ಇಲ್ಲ, ಪಿಯಾನೋ ಇಲ್ಲ. ಹಿರಿಯನೊಬ್ಬ ಒಂದು ಸಾಲು ಹೇಳಿಕೊಡುತ್ತಾನೆ, ಉಳಿದವರು ಅದನ್ನು ಎಳೆದು ಎಳೆದು ಹಾಡುತ್ತಾರೆ. ಯಾರ ದನಿ ಯಾವುದೆಂದು ಗೊತ್ತಾಗುವುದಿಲ್ಲ. ಕಳೆದ ತಿಂಗಳು ಬರ್ಲ್‌ನನ್ನು ಕಾರಿನಲ್ಲಿ ಅಲ್ಲಿಗೆ ಕರೆದೊಯ್ದಾಗ ನಾನು ಕಿಟಕಿಯ ಹೊರಗೆ ನಿಂತು ಕೇಳಿದೆ. ಡೆಲ್ಫಿಯಾ ಹಿಂದಿನ ಬೆಂಚಿನಲ್ಲಿದ್ದಳು. ಉಳಿದವರೆಲ್ಲ ಹಾಡುತ್ತಿದ್ದರು. ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದಳು.