ಮುಡುಪಿನೊಳಗಿದ್ದ ಮೂವತ್ತೊಂಬತ್ತರ ರೂಪಾಯಿ

ನಮ್ಮ ಭಾವ ಪಂಚಾಕ್ಷರಪ್ಪನವರಿಗೆ ಅಜ್ಜಂಪುರದ ಪೇಟೇಲಿ ಜವಳಿ ಅಂಗಡಿ ಇತ್ತು. ಆದ್ರೆ ಜವಳಿ ವ್ಯಾಪಾರಿ ಅಂದ್ರೆ ಅವರಿಗೆ ಮೂಗಿನ ತುದೀಲಿ ಸಿಟ್ಟು. ನಾಣ್ಯ ಸಂಗ್ರಾಹಕರು ಅನ್ನಬೇಕಂತೆ! ನಾನು ಅವರ ಬೆನ್ನ ಹಿಂದೆ ಚಿಲ್ಲರೆ ಭಾವ ಅಂತಿದ್ದೆ. ಅವರ ಹೆಂಡ್ತಿ, ನಮ್ಮಕ್ಕ ಗುರುಶಾಂತಮ್ಮ, 'ಸುಮ್ನಿರೇ ತೀರ್ಥಾ' ಅಂತ ಗದರೋಳು, ಗದರ್ತಾನೇ ನಗೋಳು. ಆಗಿನ್ನೂ ನಗ್ತಿದ್ಲು.

ಈ ಚಟ ಹತ್ತಿದ್ದು ಐವತ್ತೇಳರಲ್ಲಿ. ನಯಾ ಪೈಸೆ ಬಂತು, ಆಣೆ ಕಾಸು ಇನ್ನು ನಡೆಯಲ್ಲ ಅಂತ ಊರೆಲ್ಲ ಗಾಬರಿ. ಮುದುಕೀರು ಸೊಂಟದ ಚೀಲ ಬಿಚ್ಚಿ, ಎಂದೋ ಕೂಡಿಟ್ಟ ಕಾಸನ್ನೆಲ್ಲ ತಂದು ಅಂಗಡಿ ಜಮಖಾನದ ಮೇಲೆ ಸುರಿಯೋರು. ಭಾವ ಒಂದೊಂದನ್ನೇ ಬೆಳಕಿಗೆ ಹಿಡಿದು ಇಸವಿ ಓದೋರು. 'ಇದು ಯಾರೂ ಮುಟ್ಟಲ್ಲಮ್ಮ, ಹೋಗ್ಲಿ, ನಿನ್ನ ಮುಖ ನೋಡಿ ತಗೊಳ್ತೀನಿ' ಅಂತ ಒಳ್ಳೊಳ್ಳೇದನ್ನೆಲ್ಲ ಒಳಗೆ ಹಾಕ್ಕೊಳ್ಳೋರು. ಎಂಥಾ ಉಪಕಾರಿ! ಆ ಮುದುಕೀರು ಕೈ ಮುಗಿದು ಹೋಗೋರು.

ಆಮೇಲೆ ಅದಕ್ಕೊಂದು ತೇಗದ ಪೆಟ್ಟಿಗೆ ಮಾಡ್ಸಿದ್ರು. ಒಳಗೆ ಕೆಂಪು ಮಕಮಲ್ಲು, ಒಂದೊಂದು ಕಾಸಿಗೂ ಒಂದೊಂದು ಗುಳಿ. ಅಕ್ಕ ರವಿಕೆಗೆ ಅಂತ ಒಂದು ತುಂಡು ಬಟ್ಟೆ ಕೇಳಿದ್ರೆ 'ಅಂಗಡಿ ಮಾಲು ಮನೆಗಲ್ಲ' ಅಂತಿದ್ದೋರು, ಟಿಪ್ಪು ಕಾಲದ ಆನೆ ಕಾಸು ಮಲಗೋದಕ್ಕೆ ಗಜಗಟ್ಲೆ ಮಕಮಲ್ಲು ಕತ್ತರಿಸಿದ್ರು. ಮನೆಗೆ ಯಾರೇ ಬರ್ಲಿ, ಬೀಗರೇ ಬರ್ಲಿ, ಮೊದ್ಲು ಪೆಟ್ಟಿಗೆ ದರ್ಶನ, ಆಮೇಲೆ ಊಟ. ನಾನಂತೂ ಆನೆ ಕಾಸಿನ ಕಥೆಯನ್ನ ಐವತ್ತು ಸಲವಾದ್ರೂ ಕೇಳಿರ್ಬೇಕು.

ಈಗ ಮುಡುಪಿನ ವಿಷಯ ಹೇಳ್ಬೇಕು. ಈ ಚಟಕ್ಕೆ ಒಂದು ವರ್ಷ ಮುಂಚೆ, ಐವತ್ತಾರರಲ್ಲಿ, ಭಾವನಿಗೆ ವಿಷಮಶೀತ ಜ್ವರ ಬಂತು. ಇಪ್ಪತ್ತೊಂದು ದಿನ ನೆಟ್ಟಗೆ ಕಣ್ಣು ಬಿಡ್ಲಿಲ್ಲ. ತರೀಕೆರೆಯಿಂದ ಬಂದ ಡಾಕ್ಟ್ರು ಕೈ ಚೆಲ್ಲಿದ್ರು. ಅಕ್ಕ ತಲೆ ಮೇಲೆ ನೀರು ಹುಯ್ಕೊಂಡು, ಒದ್ದೆ ಸೀರೇಲೇ ಬಂದು, ನಮ್ಮಮ್ಮ ಸಾಯೋ ಮುಂಚೆ ಅವಳ ಕೈಲಿಟ್ಟಿದ್ದ ಬೆಳ್ಳಿ ರೂಪಾಯೀನ ಅರಿಶಿನದ ಬಟ್ಟೇಲಿ ಗಂಟು ಹಾಕಿದ್ಲು. 'ಅಂತರಘಟ್ಟಮ್ಮಾ, ಇವರನ್ನ ಉಳಿಸ್ಕೊಡು ತಾಯಿ. ಇವರನ್ನೇ ಕರ್ಕೊಂಡ್ಬಂದು, ಇವರ ಕೈಯಿಂದ್ಲೇ ಇದನ್ನ ನಿನ್ನ ಹುಂಡಿಗೆ ಹಾಕಿಸ್ತೀನಿ' ಅಂದ್ಲು. ನಾನು ಪಕ್ಕದಲ್ಲೇ ನಿಂತಿದ್ದೆ. ತವರಿನದು ಅಂತ ಅವಳ ಹತ್ರ ಉಳಿದಿದ್ದು ಅದೊಂದೇ ರೂಪಾಯಿ.

ಭಾವ ಉಳ್ಕೊಂಡ್ರು. ಉಳ್ಕೊಂಡೋರಿಗೆ ಅಂತರಘಟ್ಟೆಗೆ ಹೋಗೋಕೆ ಪುರುಸೊತ್ತಿಲ್ಲ! ಏಳು ವರ್ಷ! ಹರಕೆ ತೀರಿಸದಿದ್ರೆ ಅಂತರಘಟ್ಟಮ್ಮ ಕೊಟ್ಟ ಪ್ರಾಣಾನ ವಾಪಸ್ ಕೇಳ್ತಾಳೆ ಅಂತ ಅಕ್ಕನಿಗೆ ಒಳಗೊಳಗೇ ಪುಕಪುಕ. ಅವರು ಒಂದು ಸಲ ಕೆಮ್ಮಿದ್ರೆ ಸಾಕು, ಓಡಿಹೋಗಿ ದೇವರ ಗೂಡಿನಲ್ಲಿದ್ದ ಗಂಟು ಮುಟ್ಟಿ ಕಣ್ಣಿಗೊತ್ಕೊಳ್ಳೋಳು. 'ರೀ, ಈ ಮಂಗಳವಾರವಾದ್ರೂ ಹೋಗ್ಬರೋಣ' ಅಂದ್ರೆ ಇವರದು ಒಂದೇ ಉತ್ತರ, 'ನೋಡೋಣ.' ಭಾನುವಾರ ಬಂತೂಂದ್ರೆ ಮಾತ್ರ ಕಡೂರಿಗೆ ಹೊರಡೋಕೆ ಪುರುಸೊತ್ತೋ ಪುರುಸೊತ್ತು.

ಕಡೂರಲ್ಲಿ ಹನುಮಂತಪ್ಪ ಅಂತ ರೈಲ್ವೆ ಗುಮಾಸ್ತ, ಅವರಿಗೂ ಇದೇ ಕಾಯಿಲೆ. ಅವರ ಹತ್ರ ನಾಣ್ಯದ ಪುಸ್ತಕ ಬೇರೆ ಇತ್ತು. ಅವರು ಒಂದು ಭಾನುವಾರ, ಆರನೇ ಜಾರ್ಜಿನ ಬೆಳ್ಳಿ ರೂಪಾಯೀಲಿ ಮೂವತ್ತೊಂಬತ್ತನೇ ಇಸವೀದು ಸಿಗೋದೇ ಇಲ್ಲ, ಸಿಕ್ಕೋನಿಗೆ ಇನ್ನೂರು ರೂಪಾಯಿಗೆ ಮೋಸವಿಲ್ಲ ಅಂದ್ರಂತೆ. ಅವತ್ತು ಮನೆಗೆ ಬಂದ ಭಾವ ಕೈಕಾಲು ತೊಳೆಯೋಕೂ ಮುಂಚೆ, 'ಮುಡುಪಿಗೆ ಯಾವ ರೂಪಾಯಿ ಕಟ್ಟಿದ್ಯೇ?' ಅಂತ ಕೇಳಿದ್ರು. ಅಕ್ಕ 'ಅಮ್ಮ ಕೊಟ್ಟಿದ್ದು, ಯಾಕ್ರೀ?' ಅಂದ್ಲು. 'ಸುಮ್ನೆ' ಅಂದ್ರು.

ಹತ್ತು ದಿನ ಆಗಿರ್ಬೇಕು. ಪೆಟ್ಟಿಗೆಯ ನಟ್ಟನಡುವೆ ಮೂವತ್ತೊಂಬತ್ತರ ರೂಪಾಯಿ ಬಂದು ಕೂತಿತ್ತು! ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಎಲೆ ಮಾರೋಳ ಹತ್ರ ಸಿಕ್ತಂತೆ. 'ಅವಳಿಗೆ ಒಂದು ಹೊಸ ರೂಪಾಯಿ ಕೊಟ್ಟು ಇದನ್ನ ಎತ್ಕೊಂಡ್ಬಂದೆ. ಪೆದ್ದು ಹೆಂಗಸು, ಗೊತ್ತೇ ಆಗ್ಲಿಲ್ಲ' ಅಂತ ಬಂದೋರಿಗೆಲ್ಲ ಹೇಳಿ ತೊಡೆ ತಟ್ಟಿ ನಗೋರು. ಅಕ್ಕ ಅವರಿಗೆಲ್ಲ ಕಾಫಿ ತಂದ್ಕೊಡ್ತಾ ಇದ್ಲು. ಮನೇಲಿರೋರ ಮೇಲೂ ನಂಬಿಕೆ ಇಲ್ಲದೆ, ಊರು ಬಿಡೋವಾಗೆಲ್ಲ ಆ ರೂಪಾಯೀನ ಹತ್ತೀಲಿ ಸುತ್ತಿ ಒಳಜೇಬಿಗೆ ಹಾಕ್ಕೊಳ್ಳೋರು.

ಅದಾದ ವಾರದಲ್ಲೇ ಭಾವ ತಾವಾಗೇ 'ನಾಳೆ ಮಂಗಳವಾರ, ಹರಕೆ ತೀರಿಸ್ಬಿಡೋಣ' ಅಂದ್ರು. ಅಕ್ಕನಿಗೆ ಕಣ್ಣಲ್ಲಿ ನೀರೇ ಬಂತು. ಮೂರು ಜನವೂ ಬಸ್ಸಲ್ಲಿ ಹೋದ್ವಿ.

ದೇವಸ್ಥಾನದಲ್ಲಿ ಭಾವ ಗಂಟನ್ನ ಇಸ್ಕೊಂಡು ಹಂಗೇ ಹುಂಡಿಗೆ ಹಾಕೋಕೆ ಹೋದ್ರು. ಅಕ್ಕ ತಡೆದ್ಲು. ಕಟ್ಟಿದೋರು ಬಿಚ್ಚಬೇಕು, ಉಳ್ಕೊಂಡೋರು ಹಾಕಬೇಕು, ನಮ್ಮಮ್ಮ ಹೇಳ್ಕೊಟ್ಟಿದ್ದು ಹಂಗೆ. ಬಿಚ್ಚಿದ್ಲು. ಅಂಗೈ ಮೇಲೆ ಸಿಂಹದ ರೂಪಾಯಿ.

'ಇದಲ್ಲ' ಅಂದ್ಲು ಅಕ್ಕ. 'ಅಮ್ಮನ ರೂಪಾಯೀಲಿ ರಾಜನ ತಲೆ ಇತ್ತು.'

'ಥೂ, ಪೆದ್ದಿ! ಜ್ವರದ ಗಾಬರೀಲಿ ಯಾವ್ದೋ ಕಟ್ಟಿದೀಯ. ಸಿಂಹದ ರೂಪಾಯಿ ಐವತ್ತರಲ್ಲೇ ಬಂದಿತ್ತು ಕಣೇ. ನಾಣ್ಯದ ವಿಷಯ ನನಗೆ ಹೇಳ್ಕೊಡ್ತೀಯಾ?' ಅಂದ್ರು ಭಾವ.

ಅಕ್ಕನ ಮುಖ ಬಾಡಿಹೋಯ್ತು. 'ಹಂಗಾದ್ರೆ ಅಮ್ಮಂದು ಎಲ್ಲಿ ಕಳೆದ್ನೋ, ನನ್ನ ಕೈಗಿಷ್ಟು' ಅಂತ ಹಣೆ ಚಚ್ಕೊಂಡ್ಲು. ನನಗೆ ಮೈಯೆಲ್ಲ ಉರಿದುಹೋಯ್ತು. ನಾಲ್ಕನೇ ಕ್ಲಾಸು ಓದಿದ್ದೆ, ಅಂಕಿ ಬರೋದು. ರೂಪಾಯಿ ಕಿತ್ಕೊಂಡು ಅವರ ಮುಖದ ಮುಂದೆ ಹಿಡಿದೆ.

'ಊರೋರ ಕಾಸಿನ ಇಸವಿ ಎಲ್ಲ ಓದ್ತೀರಲ್ಲ ಭಾವ, ಇದರದ್ದೂ ಓದಿ.'

ಓದ್ಲಿಲ್ಲ. ನಾನೇ ಓದಿದೆ. 'ಸಾವಿರದ ಒಂಬೈನೂರ ಅರವತ್ತೆರಡು. ಐವತ್ತಾರರಲ್ಲಿ ಹಾಕಿದ ಗಂಟಿನೊಳಗೆ ಅರವತ್ತೆರಡರ ರೂಪಾಯಿ ಹೆಂಗೆ ಹೊಕ್ತು?'

ಭಾವನ ಮುಖ ಸುಟ್ಟ ಬದನೇಕಾಯಿ ಆಯ್ತು. ಆದ್ರೂ ನಾಚಿಕೆ ಅನ್ನೋದು ಬೇಡವಾ? 'ಅದು ಇನ್ನೂರು ರೂಪಾಯಿ ಬಾಳ್ತದೆ ಕಣೇ. ಹುಂಡೀಲಿ ಬಿದ್ರೆ ಬರೀ ಒಂದು ರೂಪಾಯಿ. ಅಂತರಘಟ್ಟಮ್ಮನಿಗೆ ಇಸವಿ ಕಟ್ಕೊಂಡು ಏನಾಗ್ಬೇಕು?' ಅಂದ್ರು.

ಅಕ್ಕ ಅವರ ಕಡೆ ತಿರುಗಿದ್ಲು. 'ಆ ಎಲೆ ಮಾರೋಳು ನಾನೇನಾ?' ಅಂತ ಕೇಳಿದ್ಲು. 'ಒಳಜೇಬಲ್ಲಿದೆ, ತೆಗೀರಿ. ನಿಮ್ಮ ಕೈಯಿಂದ್ಲೇ ಹಾಕಿ.'

ತೆಗೆದ್ರು. ಹತ್ತಿ ಬಿಚ್ಚಿದ್ರು. ಆ ಕಡೆ ಈ ಕಡೆ ತಿರುಗಿಸಿ ನೋಡಿದ್ರು. ಹುಂಡಿ ಬಾಯಿಗೆ ಹಿಡಿದೋರು, ಅಲ್ಲಿಂದ್ಲೇ ಕತ್ತು ಹೊರಳಿಸಿ ಕೇಳ್ತಾರೆ: 'ಪೂಜಾರಪ್ಪಾ, ಹುಂಡಿ ಎಂದು ತೆಗೀತೀರಿ? ಒಂದು ರೂಪಾಯಿ ಕೊಟ್ರೆ ಇದನ್ನ ವಾಪಸ್ ಕೊಡ್ತೀರಾ?'

ಪೂಜಾರಪ್ಪ ಬಾಯಿ ಬಿಟ್ಕೊಂಡು ನಿಂತ. ಅಕ್ಕ ಮುಂದೆ ಹೋಗಿ ಅವರ ಬೆರಳು ಬಿಡಿಸಿ, ಅಮ್ಮನ ರೂಪಾಯೀನ ತಾನೇ ಹುಂಡಿಗೆ ಹಾಕಿದ್ಲು. ಕೈ ಮುಗಿದ್ಲು.

'ತಾಯೀ, ಇವರ ಕೈಯಿಂದ ಹಾಕಿಸ್ತೀನಿ ಅಂದಿದ್ದೆ, ಆಗ್ಲಿಲ್ಲ. ಅವತ್ತು ನಾನು ನಿನ್ನ ಕೇಳ್ಕೊಂಡಿದ್ದೇ ತಪ್ಪಾಯ್ತು.'

ಆಮೇಲೆ ನನ್ನ ಕೈಲಿದ್ದ ಸಿಂಹದ ರೂಪಾಯಿ ತಗೊಂಡು ಭಾವನ ಅಂಗೈಲಿಟ್ಲು.

'ನಿಮ್ಮ ಜೀವಕ್ಕೆ ನೀವೇ ಕಟ್ಟಿದ ಬೆಲೆ ಇದು. ಜೋಪಾನವಾಗಿ ಮಕಮಲ್ಲಿನ ಮೇಲೆ ಇಟ್ಕೊಳ್ಳಿ.'