ಡಬ್ಬಿ ಮಲ್ಲೇಶಪ್ಪನವರ ಇಟಲಿ

ಮಲ್ಲೇಶಪ್ಪ ಕಾಕಾ ಬಿಸ್ಕೀಟು ತಿನ್ನುತ್ತಿರಲಿಲ್ಲ, ಬಿಸ್ಕೀಟಿನ ಡಬ್ಬಿ ಬಿಚ್ಚುತ್ತಿದ್ದರು. ಯಾರಾದರೂ ಒಳ್ಳೆಯ ರಟ್ಟಿನ ಡಬ್ಬಿಯಲ್ಲಿ ಏನನ್ನಾದರೂ ತಂದರೆ ಒಳಗಿನದನ್ನೆಲ್ಲ ನಮ್ಮ ಕೈಗೆ ಸುರಿದುಬಿಡುವರು. ಆಮೇಲೆ ಅಂಟು ಹಚ್ಚಿದ ಅಂಚಿಗೆ ಒದ್ದೆ ಬಟ್ಟೆ ಒತ್ತಿ, ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಎಬ್ಬಿಸುವರು. ಎಲ್ಲಿಯೂ ಹರಿಯದೆ ಇಡೀ ಡಬ್ಬಿ ಒಂದೇ ಹಾಳೆಯಾಗಿ ಮೇಜಿನ ಮೇಲೆ ಮಲಗಿದಾಗ ಕನ್ನಡಕವನ್ನು ಹಣೆಗೇರಿಸಿ, "ಈಗ ನೋಡು ತಂಗಿ, ಇದರ ಖರೆ ಮಾರಿ" ಎಂದು ಅದರ ನಿಜವಾದ ಮುಖ ತೋರಿಸುತ್ತಿದ್ದರು.

ಬೆಟಗೇರಿಯಲ್ಲಿ ಅವರದೊಂದು ಸಣ್ಣ ಪ್ರೆಸ್ಸು. ಊರಿನವರು ಅವರನ್ನು ಡಬ್ಬಿ ಮಲ್ಲೇಶಪ್ಪ ಎಂದೇ ಕರೆಯುತ್ತಿದ್ದರು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಖಾರಪುಡಿ, ಶೇಂಗಾ ಚಟ್ನಿ, ಎಣ್ಣೆ, ಸೋಡಾಗಳ ಚೀಟಿ ಮತ್ತು ಡಬ್ಬಿಗಳನ್ನು ಅವರು ಮಾಡಿಕೊಡುತ್ತಿದ್ದರು. ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ನಾನು ಅವರ ಕಂಪ್ಯೂಟರಿನ ಮುಂದೆ ಕೂರಲು ಸೇರಿಕೊಂಡೆ. ಮೊದಲ ದಿನ ನಾನು ಕಂಡದ್ದು ಗೋಡೆಯನ್ನು. ಅಡ್ಡಲಾಗಿ ಕಟ್ಟಿದ ಹಗ್ಗಕ್ಕೆ ಬಟ್ಟೆ ಒಣಹಾಕಿದಂತೆ ಬಿಚ್ಚಿದ ಡಬ್ಬಿಗಳು ತೂಗುತ್ತಿದ್ದವು. ಎಲ್ಲವೂ ಇಟಲಿಯವು. ಹುಬ್ಬಳ್ಳಿಯ ದೊಡ್ಡ ಹೋಟೆಲೊಂದರ ರದ್ದಿ ಕೊಳ್ಳುವವನು ಅವರಿಗಾಗಿಯೇ ಅವನ್ನು ತೆಗೆದಿಡುತ್ತಿದ್ದ.

ನಾನು ಅಲ್ಲಿಯವರೆಗೆ ತಿನ್ನುವ ವಸ್ತುವಿನ ಹೊದಿಕೆಯನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಬಿಳಿಯಲ್ಲ, ಕೆನೆಯ ಬಣ್ಣದ ನೆಲ. ಅದರ ಮೇಲೆ ಒಂದೇ ಒಂದು ಲಿಂಬೆಹಣ್ಣು, ಎರಡು ಎಲೆ. ಇನ್ನೊಂದರಲ್ಲಿ ಹಳದಿ ಲಂಗದ ಹೆಂಗಸು ಬುಟ್ಟಿ ಹಿಡಿದು ನಿಂತಿದ್ದಾಳೆ, ಅವಳ ಸುತ್ತ ಮಾಸಿದ ಬಂಗಾರದ ಗೆರೆ. ಅಕ್ಷರಗಳು ಗಾಳಿಗೆ ಬಾಗಿದ ಜೋಳದ ತೆನೆಗಳಂತೆ ಒಂದೇ ಕಡೆಗೆ ವಾಲಿವೆ. ಕಾಕಾ ಅವನ್ನು ಬೆರಳಿನಿಂದ ಮುಟ್ಟದೆ ಬೆರಳಿನ ನೆರಳಿನಿಂದ ತೋರಿಸುತ್ತಿದ್ದರು.

"ಜಾಗಾ ಖಾಲಿ ಬಿಡಾಕ ಈ ಮಂದಿ ಅಂಜೂದಿಲ್ಲ ನೋಡು. ನಮ್ಮವರಿಗೆ ನಾಕ ಬಟ್ಟ ಜಾಗಾ ಕಂಡ್ರ ಸಾಕು, ಅಲ್ಲೊಂದು ಫೋನ್ ನಂಬರ್ ಜಡೀತಾರ."

ಲಕ್ಷ್ಮೇಶ್ವರದ ಸೋಡಾ ಅಂಗಡಿಯವನ ಕತೆಯನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಆದರೆ ಅದು ನಡೆದಾಗ ನಾನು ಅಲ್ಲಿಯೇ ಇದ್ದೆ. ಅವನ ಲಿಂಬೆ ಸೋಡಾದ ಹಳೆಯ ಚೀಟಿಯಲ್ಲಿ ಅವನ ತಂದೆಯ ಫೋಟೋ, ಮನೆದೇವರು, ಮೂರು ಫೋನ್ ನಂಬರುಗಳಿದ್ದವು. ಕಾಕಾ ಅವೆಲ್ಲವನ್ನೂ ತೆಗೆದು ಕೆನೆಬಣ್ಣದ ಮೇಲೆ ಒಂದು ಲಿಂಬೆಹಣ್ಣು ಕೂರಿಸಿದರು. ಅವನು ಚೀಟಿಯನ್ನು ತಿರುವಿ ಮುರುವಿ ನೋಡಿ ಗಾಬರಿಯಾದ.

"ಕಾಕಾರ, ನಮ್ಮಪ್ಪ ಎಲ್ಲ್ಯದಾನ್ರಿ?"

"ಲಿಂಬಿಹಣ್ಣಿನ ಹಿಂದ ಅದಾನ. ನೀ ಮೊದಲ ಮಾರು."

ಒಂದು ತಿಂಗಳಿಗೆ ಮತ್ತೆ ಬಂದ. ಸೋಡಾ ಖರ್ಚಾಗುತ್ತಿತ್ತು, ಅವನ ದೂರು ಬೇರೆಯದೇ ಆಗಿತ್ತು. ಖಾಲಿ ಬಾಟಲಿಗಳು ಅಂಗಡಿಗೆ ಮರಳುತ್ತಿರಲಿಲ್ಲ. ಓಣಿಯ ಹೆಣ್ಣುಮಕ್ಕಳು ಅವುಗಳಲ್ಲಿ ನೀರು ತುಂಬಿ, ಬಳ್ಳಿ ಇಟ್ಟು, ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದರಂತೆ. ಕಾಕಾ ಅಂದು ಪ್ರೆಸ್ಸಿನಲ್ಲಿದ್ದವರಿಗೆಲ್ಲ ಚಹಾ ಹೇಳಿದರು.

ಹರ್ತಿಯ ಗಂಗವ್ವ ಬಂದದ್ದು ಅದಾದ ಮೇಲೆ. ಆಕೆ ಓಣಿಯ ಏಳೆಂಟು ಹೆಂಗಸರನ್ನು ಕೂಡಿಸಿಕೊಂಡು ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಅಲ್ಲಿಯವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕೊಡುತ್ತಿದ್ದವಳಿಗೆ ಈಗ ದೂರದ ಊರುಗಳ ಅಂಗಡಿಗಳಿಗೆ ಕಳಿಸಲು ಡಬ್ಬಿ ಬೇಕಾಗಿತ್ತು. "ಸೋಡಾ ಬಾಟ್ಲಿಗತೆ ಇರಬೇಕ್ರಿ" ಎಂದಳು. ಕಾಕಾ ಆ ಡಬ್ಬಿಗೆಂದು ಬೇರೆ ಕೆಲಸಗಳನ್ನು ಪಕ್ಕಕ್ಕಿಟ್ಟರು. ಕೆನೆಯ ನೆಲದ ಮೇಲೆ ಮೂಲೆಯಿಂದ ಮೂಲೆಗೆ ಬಾಗಿದ ಒಂದು ಜೋಳದ ತೆನೆ. ಅದರ ಬಾಗಿಗೆ ಸರಿಯಾಗಿ ಕೆಳಗೊಂದು ಬಂಗಾರದ ಸಾಲು ಬೇಕೆನಿಸಿತು ಅವರಿಗೆ. ಹಗ್ಗದ ಮೇಲಿನ ಒಂದು ಡಬ್ಬಿ ಇಳಿಸಿ ತಂದರು. ಉದ್ದನೆಯ ಕಡ್ಡಿಯಂಥ ಗರಿಗರಿ ರೊಟ್ಟಿಗಳ ಡಬ್ಬಿ ಅದು. ಅದರ ಮೇಲಿನ ವಾಲಿದ ಅಕ್ಷರಗಳ ಸಾಲನ್ನು ಹಾಗೆಯೇ ಎತ್ತಿ ಕೂರಿಸಬೇಕಿತ್ತು.

"ಇಲ್ಲಿ ಏನ ಬರದಾರ ತಂಗಿ? ನೀ ಓದಿದಾಕಿ, ಸ್ವಲ್ಪ ನೋಡು."

ನಾನು ಬೇರೆ ಏನನ್ನೋ ಜೋಡಿಸುತ್ತಿದ್ದೆ. ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಏನಿಲ್ರಿ ಕಾಕಾ, ಕಂಪನಿ ಹೆಸರ ಇರಬೇಕು."

ಡಬ್ಬಿಗಳು ಅಚ್ಚಾದವು. ಅರ್ಧದಷ್ಟು ಹರ್ತಿಗೆ ಹೋದವು, ಉಳಿದವು ಕಟ್ಟುಕಟ್ಟಾಗಿ ಪ್ರೆಸ್ಸಿನಲ್ಲಿದ್ದವು. ಒಂದು ಮಧ್ಯಾಹ್ನ ಕೆಲಸವಿರಲಿಲ್ಲ. ಫೋನಿನ ಕ್ಯಾಮೆರಾ ಹಿಡಿದರೆ ಯಾವ ಭಾಷೆಯನ್ನಾದರೂ ಕನ್ನಡ ಮಾಡಿ ತೋರಿಸುತ್ತದಲ್ಲ, ಹಗ್ಗದ ಮೇಲಿನ ಡಬ್ಬಿಗಳ ಮೇಲೆ ಒಂದೊಂದಾಗಿ ಹಿಡಿಯುತ್ತಾ ಹೋದೆ. ಮೊದಲನೆಯದರಲ್ಲಿ, ಒಣ ಜಾಗದಲ್ಲಿ ಇಡಿ. ಎರಡನೆಯದರಲ್ಲಿ, ಕಲ್ಲಿನಲ್ಲಿ ಅರೆದ ಎಣ್ಣೆ. ಮೂರನೆಯದು ಕಡ್ಡಿ ರೊಟ್ಟಿಯ ಡಬ್ಬಿ. ಬಂಗಾರದ ಸಾಲು ಒಮ್ಮೆ ನಡುಗಿ ಕನ್ನಡವಾಯಿತು: ಶುದ್ಧ ಹಂದಿ ಕೊಬ್ಬಿನಲ್ಲಿ ಕಲಸಿದ್ದು.

ನಾನು ಮೂರು ಸಲ ನೋಡಿದೆ. ಮೂರು ಸಲವೂ ಅದೇ ಬಂತು. ಕಟ್ಟಿನಿಂದ ಗಂಗವ್ವನ ಡಬ್ಬಿಯೊಂದನ್ನು ಎಳೆದು ಅದರ ಮೇಲೂ ಫೋನು ಹಿಡಿದೆ. ಜೋಳದ ತೆನೆಯ ಕೆಳಗೆ ಅದೇ ಮಾತು ಮೂಡಿತು.

ಕಾಕಾನ ಕೈಗೆ ಫೋನು ಕೊಟ್ಟೆ. ಓದಿದರು. ಹತ್ತಿರದಲ್ಲಿದ್ದ ಕಾಗದದ ಗಂಟಿನ ಮೇಲೆ ಕುಳಿತರು. ಅವರ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುತ್ತಿರಲಿಲ್ಲ, ಗಂಗವ್ವನ ಮನೆಯೂ ಅಂಥದೇ. ಮಷಿನ್ ಮೇಲಿದ್ದ ದಾವಲಸಾಬ್ ಬಂದು ಸಂಗತಿ ಕೇಳಿ, ತನ್ನ ಅಂಗೈಗಳನ್ನು ನೋಡಿಕೊಂಡ. "ಒಂದ ಡಬ್ಬಿ ಮಾಡಿ ನಿಮಗೂ ಬ್ಯಾಡ ನಮಗೂ ಬ್ಯಾಡ ಮಾಡಿದ್ರಲ್ರಿ ಕಾಕಾ" ಎಂದ. ಯಾರೂ ನಗಲಿಲ್ಲ. ಆಮೇಲೆ ಅವನೇ ದನಿ ತಗ್ಗಿಸಿ, ಈ ಕಡೆ ಇದನ್ನು ಓದುವವರು ಯಾರಿದ್ದಾರೆ, ಸುಮ್ಮನಿದ್ದುಬಿಡಿ ಎಂದ. ರೊಟ್ಟಿಯಲ್ಲಂತೂ ಜೋಳ ಬಿಟ್ಟು ಬೇರೇನಿಲ್ಲವಲ್ಲ.

ಕಾಕಾ ಕನ್ನಡಕ ತೆಗೆದು ಒರೆಸತೊಡಗಿದರು. ಆಗ ಅವರು ಸುಮ್ಮನಿರಲು ಒಪ್ಪಿಬಿಡಲಿ ಎಂದು ನಾನು ಬಯಸಿದೆ, ಅದನ್ನು ಮುಚ್ಚಿಡುವುದಿಲ್ಲ.

"ಓದಾವರು ಇರಲಿ ಬಿಡಲಿ, ನಾವು ಓದೀವಲ್ಲ" ಎಂದು ಎದ್ದರು.

ಅವರ ಸ್ಕೂಟರಿನ ಹಿಂದೆ ಕುಳಿತು ಹರ್ತಿಗೆ ಹೋದೆ. ಗಂಗವ್ವನ ಪಡಸಾಲೆಯಲ್ಲಿ ತುಂಬಿದ ಡಬ್ಬಿಗಳ ಸಾಲು ನಿಂತಿತ್ತು, ಮರುದಿನ ಲಾರಿಗೆ ಹಾಕಬೇಕಾದವು. ಬಿಸಿಲು ಬಿದ್ದು ಬಂಗಾರದ ಅಕ್ಷರಗಳು ಹೊಳೆಯುತ್ತಿದ್ದವು. ಅಷ್ಟು ಚಂದದ ಸಾಲನ್ನು ಆ ಮನೆ ಎಂದೂ ಕಂಡಿರಲಾರದು. ಕಾಕಾ ನಿಂತುಕೊಂಡೇ ಹೇಳಿದರು, ಸುತ್ತುಬಳಸಲಿಲ್ಲ. ಗಂಗವ್ವನ ಕೈ ತಾನಾಗಿ ಸೆರಗಿಗೆ ಹೋಗಿ ಬಾಯಿ ಮುಚ್ಚಿತು. ಬಯ್ಯಲಿಲ್ಲ. ಕೆಳಗೆ ಕುಳಿತು ಒಂದೊಂದೇ ಡಬ್ಬಿ ತೆರೆದು ರೊಟ್ಟಿಗಳನ್ನು ಹೊರಗೆ ತೆಗೆದು ಬುಟ್ಟಿಯಲ್ಲಿಡತೊಡಗಿದಳು. ಮುರಿಯದಂತೆ ತೆಗೆಯುತ್ತಿದ್ದಳು. ಮಿಕ್ಕ ಹೆಂಗಸರು ನನ್ನನ್ನು, ಕಾಕಾನನ್ನು, ಮತ್ತೆ ನನ್ನನ್ನು ನೋಡಿದರು.

"ಮಂದಿ ನಮ್ಮ ಕೈ ನೋಡಿ ರೊಟ್ಟಿ ತಗೊಳ್ಳತಾರ್ರಿ" ಎಂದಳು ಗಂಗವ್ವ ಕೊನೆಗೆ. "ಹಾಕೂ ಮೊದಲ ಯಾರನ್ನರ ಕೇಳಬೇಕೋ ಬ್ಯಾಡೋ?"

"ಕೇಳಬೇಕಿತ್ತವ್ವಾ. ನಾ ಕೇಳ್ಲಿಲ್ಲ."

ಅವರು ಕೇಳಿದ್ದರು. ನನ್ನನ್ನೇ ಕೇಳಿದ್ದರು. ನಾನು ಅವರಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ, ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ.

ಡಬ್ಬಿಗಳನ್ನೆಲ್ಲ ಹಿಂದಕ್ಕೆ ತಂದೆವು. ಕಟಿಂಗ್ ಮಷಿನ್ನಿನ ಮುಂದೆ ಅವರೇ ನಿಂತು ಅವನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿದರು, ದಾವಲಸಾಬನಿಗೆ ಬಿಡಲಿಲ್ಲ. ಗಂಗವ್ವನಿಗೆ ಬರೀ ತೆನೆಯಿರುವ ಬೇರೆ ಡಬ್ಬಿ ಮಾಡಿಕೊಟ್ಟರು. ಆಕೆ ತೆಗೆದುಕೊಂಡಳು, ಮತ್ತೆ ಬರಲಿಲ್ಲ. ಸುದ್ದಿ ಹೇಗೋ ಹಬ್ಬಿತು. ಶಿರಹಟ್ಟಿಯ ಚಟ್ನಿಪುಡಿಯವರು ಚೀಟಿ ತಗೊಳ್ಳುವಾಗ, "ಇದರಾಗ ಏನೂ ಕಲಸಿಲ್ಲಲ್ರಿ?" ಎಂದು ನಕ್ಕರು. ಕಾಕಾನೂ ನಕ್ಕರು. ಮರುದಿನ ನಾನು ಬರುವಷ್ಟರಲ್ಲಿ ಹಗ್ಗದ ಮೇಲಿನ ಡಬ್ಬಿಗಳೆಲ್ಲ ಗೋಡೆಗೆ ಮುಖ ಮಾಡಿದ್ದವು. ನಮ್ಮ ಕಡೆಗೆ ಇದ್ದದ್ದು ಬರಿಯ ಬೂದುಬಣ್ಣದ ರಟ್ಟು.

ಮರುವರ್ಷ ನನಗೆ ಮುಂಡರಗಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಅದಾಗಿ ಒಂದು ವರ್ಷಕ್ಕೆ, ಕಾಕಾನಿಗೆ ಎದೆಯ ಬೇನೆ ಹೆಚ್ಚಾಗಿದೆ ಎಂದು ಕೇಳಿ ಬೆಟಗೇರಿಯ ಅವರ ಮನೆಗೆ ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು. ನಾನು ತಂದ ಮಿಠಾಯಿ ಡಬ್ಬಿಯನ್ನು ಆಗಲೇ ಅರ್ಧ ಬಿಚ್ಚಿದ್ದರು. ಉಗುರು ನಡುಗುತ್ತಿತ್ತು, ಆದರೂ ಹರಿಯಲಿಲ್ಲ.

ಎರಡು ವರ್ಷ ಒಳಗಿಟ್ಟುಕೊಂಡದ್ದನ್ನು ಅಂದು ಹೇಳಿದೆ. ನೀವು ಕೇಳಿದ್ದಿರಿ ಕಾಕಾ, ನಾನು ನೋಡದೆ ಹೇಳಿದೆ, ಹರ್ತಿಯಲ್ಲಿ ನೀವು ನನ್ನ ತಪ್ಪನ್ನು ಹೊತ್ತಿರಿ. ಅವರು ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ನೀ ನೋಡಲಾರದ ಹೇಳಿದ್ದು ನಂಗ ಆಗಳೇ ಗೊತ್ತಾಗಿತ್ತು ತಂಗಿ. ಫೋನು ನಿನ್ನ ಮುಂದ ಇತ್ತು, ನೀ ಮುಟ್ಟಲಿಲ್ಲ. ಇನ್ನೊಮ್ಮಿ ನೋಡು ಅನ್ನಬೇಕಿತ್ತು. ಅನ್ಲಿಲ್ಲ." ಉಸಿರಿಗಾಗಿ ನಿಂತರು. "ಏನರ ಬ್ಯಾರೆ ಇತ್ತಂದ್ರ ಆ ಅಕ್ಷರ ಬಿಡಬೇಕಾಗ್ತಿತ್ತಲ್ಲ. ಅಷ್ಟ ಚಂದ ಇದ್ವು."

ಅವರ ತಪ್ಪೊಪ್ಪಿಗೆ ನನ್ನದಕ್ಕಿಂತ ದೊಡ್ಡದಾಗಿರಬಹುದೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಹೊರಡುವಾಗ ಮಿಠಾಯಿಯನ್ನೆಲ್ಲ ನನ್ನ ಕೈಗೇ ಸುರಿದರು.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ, ಕಾಕು, ನನ್ನನ್ನು ಕರೆಸಿ ಆ ಕಡ್ಡಿ ರೊಟ್ಟಿಯ ಡಬ್ಬಿಯನ್ನು ಕೊಟ್ಟರು. ಅದನ್ನು ನನ್ನ ಕೋಣೆಯ ಗೋಡೆಗೆ ಹಾಕಿದ್ದೇನೆ, ಮುಖ ಈ ಕಡೆಗೆ. ನನ್ನ ಕೋಣೆಗೆ ಬರುವವರು ಕಡಿಮೆ. ಬಂದವರು ಅದರ ಮುಂದೆ ನಿಲ್ಲುತ್ತಾರೆ, ಎಷ್ಟು ಚಂದ ಐತಿ ಅನ್ನುತ್ತಾರೆ. ಏನು ಬರೆದಿದೆ ಎಂದು ಅವರು ಕೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಮೇಲೆ, ಅಲ್ಲಿಂದಲೇ, ಮತ್ತೆ ನೋಡುತ್ತಾರೆ.