ಬೆಚ್ಚಗಿದ್ದ ಬಾನೆಟ್

ದೆವ್ವ, ಗಾಳಿ, ಮಾಟ ಇವನ್ನೆಲ್ಲ ನಾನು ನಂಬಿದವಳಲ್ಲ. ನನ್ನ ಅನುಮಾನವೇನಿದ್ದರೂ ಮನುಷ್ಯರ ಮೇಲೆ. ಹಾಲಿಗೆ ನೀರು ಬೆರೆಸಿದ್ದಾರೆಯೇ, ತೂಕದಲ್ಲಿ ಕಡಿಮೆ ಕೊಟ್ಟಿದ್ದಾರೆಯೇ ಎಂದು ನೋಡುವುದು ನನ್ನ ಹುಟ್ಟುಗುಣ. ಯಾರಾದರೂ ದೆವ್ವದ ಕಥೆ ತೆಗೆದರೆ, ಇದರಿಂದ ಯಾರಿಗೆ ಲಾಭ ಎಂದು ಮೊದಲು ಯೋಚಿಸುತ್ತಿದ್ದೆ. ಹಾಗಾಗಿ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೂ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಕೊಟ್ಟೂರಿನಲ್ಲಿ ನಮ್ಮ ಮನೆಯವರದು ಹಾರ್ಡ್‌ವೇರ್ ಅಂಗಡಿ. ಆಗ ನಮ್ಮ ಬಳಿ ಒಂದು ಹಳೆಯ ಡೀಸೆಲ್ ಕಾರಿತ್ತು. ನಾವು ಕೊಳ್ಳುವ ಹೊತ್ತಿಗೇ ಅದಕ್ಕೆ ಸಾಕಷ್ಟು ವಯಸ್ಸಾಗಿತ್ತು. ಬೇಸಿಗೆಯಲ್ಲಿ ಹೇಳಿದ ಮಾತು ಕೇಳುತ್ತಿತ್ತು, ಚಳಿಗಾಲ ಬಂದರೆ ಮೊಂಡು ಹಿಡಿಯುತ್ತಿತ್ತು. ಸಂಜೆ ಬಾನೆಟ್ಟಿಗೆ ಕರಿ ಕಂಬಳಿ ಹೊದಿಸಬೇಕು, ಬೆಳಿಗ್ಗೆ ಬಚ್ಚಲ ಹಂಡೆಯಿಂದ ಬಿಸಿನೀರು ತಂದು ರೇಡಿಯೇಟರಿಗೆ ಹಾಕಬೇಕು, ಅದಕ್ಕೂ ಜಗ್ಗದಿದ್ದರೆ ಓಣಿಯವರನ್ನು ಕರೆದು ತಳ್ಳಿಸಬೇಕು. ಇಷ್ಟೆಲ್ಲ ಆದರೂ ಅಂಗಡಿಗೆ ಬಂದವರು ಗ್ಲಾಸಿಗೆ ಮಂಜು ಹಿಡಿದರೆ ಏನು ಮಾಡಬೇಕು, ಆಯಿಲ್ ಯಾವಾಗ ಬದಲಿಸಬೇಕು ಎಂದು ನಮ್ಮವರನ್ನೇ ಕೇಳುತ್ತಿದ್ದರು. ಇವರೂ ಗಾಂಭೀರ್ಯದಿಂದ ಉತ್ತರ ಕೊಡುತ್ತಿದ್ದರು.

ನಮ್ಮ ಕಡೆ ಚಳಿಗಾಲದಲ್ಲಿ ಇನ್ನೊಂದು ಕಾಟವುಂಟು. ರೈತರು ಹುರುಳಿ ಕಿತ್ತು ತಂದು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು ಲಾರಿ ಓಡಾಡಿದರೆ ಒಕ್ಕಣೆ ತಾನೇ ಆಗುತ್ತದೆ. ಆದರೆ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಒಣ ಬಳ್ಳಿ ಕೆಳಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುವುದುಂಟು. ಅದಕ್ಕೆ ಇವರು ಎಲ್ಲಿಂದ ಬಂದರೂ ಮೊದಲು ಅಂಗಳದಲ್ಲಿ ಗೋಣಿಚೀಲ ಹಾಸಿ, ಮಲಗಿ, ಕಾರಿನಡಿಯ ಕಸವನ್ನೆಲ್ಲ ಕಿತ್ತು ತೆಗೆಯುತ್ತಿದ್ದರು. ಇದನ್ನು ಒಂದು ದಿನವೂ ತಪ್ಪಿಸಿದ್ದಿಲ್ಲ.

ಆ ವರ್ಷ ಚಳಿ ಜೋರಾಗಿದ್ದಾಗ ಒಂದು ಬೆಳಿಗ್ಗೆ ಬಿಸಿನೀರು ತೆಗೆದುಕೊಂಡು ಹೋದವಳು ಕಂಬಳಿ ಸರಿಸಿ ಬಾನೆಟ್ ಮುಟ್ಟಿದೆ. ಬೆಚ್ಚಗಿತ್ತು.

"ಕಂಬಳಿ ಹೊದಿಸಿದ್ವಲ್ಲ, ಅದಕ್ಕ" ಎಂದರು ಇವರು, ನನ್ನ ಮುಖ ನೋಡದೆ.

ಅಂದು ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಮರುದಿನವೂ ಬೆಚ್ಚಗಿತ್ತು. ಅದರ ಮರುದಿನ ಬಗ್ಗಿ ನೋಡಿದರೆ ಸೈಲೆನ್ಸರಿನ ಪಕ್ಕದಲ್ಲಿ ಹುರುಳಿ ಬಳ್ಳಿ ಜೋತಾಡುತ್ತಿತ್ತು. ಹಿಂದಿನ ಸಂಜೆ ಇವರು ಅಡಿಯಲ್ಲಿ ಮಲಗಿ ಎಲ್ಲ ಕಿತ್ತದ್ದನ್ನು ನಾನೇ ನೋಡಿದ್ದೆ. ಮೈಲಿ ತೋರಿಸುವ ಮೀಟರ್ ಎಂದೋ ಕೆಟ್ಟುಹೋಗಿತ್ತು, ಅದನ್ನು ನೋಡಿ ತಿಳಿಯುವಂತಿರಲಿಲ್ಲ. ನಾನು ನಿದ್ದೆ ಹೋದ ಮೇಲೆ ಈ ಮನುಷ್ಯ ಕಾರು ತೆಗೆದುಕೊಂಡು ಎಲ್ಲಿಗೋ ಹೋಗಿಬರುತ್ತಿದ್ದಾರೆ, ಅದು ಖಂಡಿತ ಎಂದುಕೊಂಡೆ. ಎಲ್ಲಿಗೆ? ಯಾರ ಮನೆಗೆ? ಇವರು ಊಟಕ್ಕೆ ಕೂತರೆ ಬಡಿಸುತ್ತಾ ಅಂಗಿಯ ವಾಸನೆ ನೋಡುತ್ತಿದ್ದೆ.

ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ. "ನಾ ಮಲಗಿದ ಮ್ಯಾಲೆ ಎಲ್ಲಿಗೆ ಹೋಗ್ತೀರಿ? ನಿಜ ಹೇಳ್ರಿ."

"ಕೊಟ್ರೇಶನ ಆಣಿ, ನಾ ಗಾಡಿ ಮುಟ್ಟಿಲ್ಲ."

"ಹಂಗಾದ್ರ ಅದು ತಾನ ಹೋಗಿ ಬರ್ತೈತೇನು? ನಾಳೆ ಮುಂಜಾನಿ ಮತ್ತ ಬೆಚ್ಚಗಿದ್ರ ನಾ ಹರಪನಹಳ್ಳಿ ಬಸ್ ಹತ್ತಾಕಿ. ತವರುಮನಿಯಿಂದ ತಿರುಗಿ ಬರಂಗಿಲ್ಲ."

ಬಾಯಿಮಾತಿಗೆ ಹೇಳಿದ್ದಲ್ಲ. ಸೀರೆಗಳನ್ನು ಬ್ಯಾಗಿಗೆ ತುಂಬಿ ಮಂಚದ ಮೇಲಿಟ್ಟೆ. ಇವರು ಸ್ಪ್ಯಾನರ್ ತಂದು ಬ್ಯಾಟರಿ ಬಿಚ್ಚಿ ಅಡುಗೆಮನೆಯಲ್ಲಿ ನನ್ನ ಕಾಲ ಬಳಿ ತಂದಿಟ್ಟರು. ಡೀಸೆಲ್ ಗಾಡಿಯನ್ನು ಬ್ಯಾಟರಿಯಿಲ್ಲದೆಯೂ ತಳ್ಳಿ ಚಾಲೂ ಮಾಡಬಹುದು ಎಂದು ಹಿಂದಿನ ವರ್ಷ ನನಗೆ ಡ್ರೈವಿಂಗ್ ಕಲಿಸುವಾಗ ಇವರೇ ಹೇಳಿದ್ದರು. ಅದನ್ನು ನಾನು ಮರೆತಿರಲಿಲ್ಲ. ಕಾರಿನ ಅಡಿಗೆ ಪೊರಕೆ ಹಾಕಿ ಗುಡಿಸಿದೆ. ನಾಲ್ಕೂ ಗಾಲಿಗಳ ಹಿಂದೆ ಮುಂದೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗಿದೆ. ನಿದ್ದೆ ಸರಿಯಾಗಿ ಬರಲಿಲ್ಲ. ಕಾರಿನ ಸದ್ದಂತೂ ಕೇಳಲಿಲ್ಲ.

ಬೆಳಕು ಹರಿದ ಮೇಲೆ ಇಬ್ಬರೂ ಒಟ್ಟಿಗೆ ಅಂಗಳಕ್ಕೆ ಬಂದೆವು. ಮಂಜು ಇನ್ನೂ ಇಳಿದಿರಲಿಲ್ಲ. ಮೊದಲು ರಂಗೋಲಿ ನೋಡಿದೆ. ಒಂದು ಗೆರೆಯೂ ಅಳಿಸಿರಲಿಲ್ಲ, ಎಳೆದದ್ದು ಎಳೆದ ಹಾಗೇ ಇತ್ತು. ಸದ್ಯ, ಸಂಸಾರ ಉಳಿಯಿತು ಎಂದು ಕಂಬಳಿ ಸರಿಸಿ ಕೈಯಿಟ್ಟೆ.

ಬಿಸಿಯಾಗಿತ್ತು. ಹಿಂದಿನ ದಿನಗಳಂತೆ ಬೆಚ್ಚಗಲ್ಲ, ಆಗಷ್ಟೇ ದೂರದಿಂದ ಬಂದು ನಿಂತ ಗಾಡಿಯ ಬಿಸಿ. ಬಗ್ಗಿ ನೋಡಿದೆ. ಗುಡಿಸಿದ ನೆಲದ ಮೇಲೆ ಹುರುಳಿ ಹೊಟ್ಟು ಉದುರಿತ್ತು. ಸೈಲೆನ್ಸರಿಗೆ ಬಳ್ಳಿ ಸುತ್ತಿಕೊಂಡು ಸುಟ್ಟ ವಾಸನೆ ಬರುತ್ತಿತ್ತು.

ಇವರೂ ಬಾನೆಟ್ ಮೇಲೆ ಅಂಗೈ ಇಟ್ಟು ತೆಗೆದರು. ಆಮೇಲೆ ಕಾರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನನ್ನ ಸೆರಗಿನ ಗಂಟನ್ನು ನೋಡಿದರು.

"ಈಗರ ನಿಜ ಹೇಳು. ನೀನ ಒಯ್ದಿದ್ದೇನು?"

ನಾನು ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಇವರ ಮುಂದೆ ಹಿಡಿದೆ.

"ನಾ ನಿನಗಿಂತ ಮೊದಲ ಎದ್ದು ದಿನಾ ಮುಟ್ಟಿ ನೋಡ್ತಿದ್ದೆ" ಎಂದರು. "ಗಾಡಿ ಕಲಿಸಿದ್ದ ತಪ್ಪಾತು ಅಂದ್ಕೊಂಡಿದ್ದೆ. ಕಂಬಳಿ ನೆವ ಹೇಳಿದ್ದು, ನೀನ ಬಾಯಿ ಬಿಡ್ಲಿ ಅಂತ."

ನಾನು ಇವರ ಮೇಲೆ ಕಣ್ಣಿಟ್ಟಿದ್ದ ಅಷ್ಟೂ ದಿನ ಇವರು ನನ್ನ ಮೇಲೆ ಕಣ್ಣಿಟ್ಟಿದ್ದರು! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಂಚದ ಮೇಲಿನ ಬ್ಯಾಗು ಅಲ್ಲೇ ಉಳಿಯಿತು. ಹರಪನಹಳ್ಳಿ ಬಸ್ಸು ಹಾರ್ನ್ ಹೊಡೆದು ಹೋದದ್ದು ಕೇಳಿಸಿತು. ಬಿಟ್ಟು ಹೋಗಬೇಕಾದದ್ದು ಇವರನ್ನೋ ಕಾರನ್ನೋ ಎಂದೇ ನನಗೆ ತಿಳಿಯಲಿಲ್ಲ.

ಆ ವಾರವೇ ಕಾರನ್ನು ಹಿರೇಹಡಗಲಿಯವರೊಬ್ಬರಿಗೆ ಮಾರಿದೆವು. ಮರುವರ್ಷ ಚಳಿಗಾಲದಲ್ಲಿ ಅವರು ಅಂಗಡಿಗೆ ಬಂದಿದ್ದಾಗ ನಾನೂ ಅಲ್ಲಿದ್ದೆ. ಗಾಡಿ ಹೇಗಿದೆ ಎಂದು ಎದೆ ಗಟ್ಟಿ ಮಾಡಿಕೊಂಡು ಕೇಳಿದೆ. "ಎಂಥಾ ಗಾಡಿ ಕೊಟ್ರಿ ಅಕ್ಕಾರ! ಎಷ್ಟು ಚಳಿ ಇದ್ರೂ ಒಂದ ಸಲಕ್ಕ ಚಾಲೂ ಆಗ್ತೈತಿ" ಎಂದರು ಸಂತೋಷದಿಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಬಿಸಿಲಿನ ಕಾವು ಉಳಿದಿರಬಹುದು, ಯಾರೋ ಹುಡುಗಾಟ ಮಾಡಿರಬಹುದು ಎಂದು ಹೇಳಿದವರಿದ್ದಾರೆ. ಹಾಗಾದರೆ ರಂಗೋಲಿ? ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಈಗ ನಮ್ಮದು ಬೇರೆ ಕಾರು. ಕಂಬಳಿ ಬೇಡ, ಬಿಸಿನೀರು ಬೇಡ. ಆದರೂ ಚಳಿಗಾಲದ ಬೆಳಿಗ್ಗೆ ಇವರು ಮೊದಲು ಎದ್ದುಹೋಗಿ ಬಾನೆಟ್ ಮುಟ್ಟಿ ಬಂದು, "ತಣ್ಣಗೈತಿ" ಎನ್ನುತ್ತಾರೆ. ಚಹಾ ಕೊಟ್ಟು, ಹೊರಗೆ ಹೋಗಿ ನಾನೂ ಮುಟ್ಟಿ ನೋಡುತ್ತೇನೆ. "ಹೌದ್ರಿ, ತಣ್ಣಗೈತಿ" ಎಂದು ಒಳಗೆ ಬರುತ್ತೇನೆ. ಆಮೇಲೆ ಇವರು ಎದ್ದು ಇನ್ನೊಂದು ಸಲ ಹೋಗಿ ಮುಟ್ಟಿ ಬರುತ್ತಾರೆ.